ಪೊರೆ ಬಿಟ್ಟ ಉಣ್ಣಿ ಅಡಗಿದ್ದೆಲ್ಲಿ

ಲೋಕದ ಜೀವಿಗಳಿಗೆ ಇನ್ನೂ ಕಾಲು ಹಂಚಿ ಮುಗಿಯದಿದ್ದ ದಿನಗಳಲ್ಲಿ, ಸೃಷ್ಟಿ ಮಾಡುವಾತ ತನ್ನ ಅಂಗಳಕ್ಕೆ ಎರಡು ಬಾಗಿಲು ಇಟ್ಟಿದ್ದನಂತೆ. ಆರು ಕಾಲಿನವರಿಗೆ ಒಂದು, ಎಂಟು ಕಾಲಿನವರಿಗೆ ಇನ್ನೊಂದು. ಇರುವೆ, ನೊಣ, ಜಿರಲೆ, ಚಿಟ್ಟೆ ಎಲ್ಲ ನೂಕಾಡಿಕೊಂಡು ಮೊದಲನೆಯದಕ್ಕೆ ನುಗ್ಗಿದವು. ಎರಡನೆಯದಕ್ಕೆ ಜೇಡ ಬಂತು, ಚೇಳು ಬಂತು, ಅವುಗಳ ಬೆನ್ನಿಗೇ ನುಸಿಗಳ ದಂಡು ಬಂತು. ಹಾಸಿಗೆ ಧೂಳಿನ ನುಸಿ, ಹಿಟ್ಟಿನ ಡಬ್ಬಿಯ ನುಸಿ, ಎಲೆಯ ಅಡಿಯಲ್ಲಿ ನೂಲು ಬಿಡುವ ಕೆಂಪು ನುಸಿ, ಮನುಷ್ಯನ ರೆಪ್ಪೆಯ ಬುಡದಲ್ಲೇ ಸಂಸಾರ ಹೂಡಿದ ನುಸಿ. ಕಟ್ಟಕಡೆಗೆ, ನುಸಿಗಳ ಕುಲಕ್ಕೆಲ್ಲ ದೊಡ್ಡಕ್ಕನಂತಿದ್ದ ಉಣ್ಣಿ ತನ್ನ ಮರಿಯನ್ನು ಕರೆದುಕೊಂಡು ಬಂತು. ಬಾಗಿಲಲ್ಲಿ ನಿಂತವನು ತಾಯಿಯ ಕಾಲು ಎಣಿಸಿದ. ಎಂಟು. ಒಳಗೆ ಬಿಟ್ಟ. ಮರಿಯ ಕಾಲು ಎಣಿಸಿದ. ಆರೇ ಆರು.

‘ಇದು ನಿಮ್ಮ ಪೈಕಿ ಅಲ್ಲ. ಆ ಕಡೆ ಹೋಗಲಿ.’

‘ಸ್ವಾಮಿ, ನಾನಿಟ್ಟ ಮೊಟ್ಟೆಯಿಂದಲೇ ಬಂದದ್ದು. ಒಂದು ಸಲ ಹೊಟ್ಟೆ ತುಂಬ ರಕ್ತ ಕುಡಿದು ಪೊರೆ ಬಿಟ್ಟರೆ ಇನ್ನೆರಡು ಕಾಲು ಬರುತ್ತೆ.’

‘ಬರಲಿ. ಬಂದ ಮೇಲೆ ನೋಡೋಣ. ಅಲ್ಲೀವರೆಗೂ ಹೊರಗೇ ಇರಲಿ.’

ಬಾಗಿಲು ಮುಚ್ಚಿತು. ತಾಯಿ ಒಳಗೆ, ಮರಿ ಹೊರಗೆ. ಮರಿ ಒಂದು ಹುಲ್ಲುಕಡ್ಡಿಯ ತುದಿ ಹತ್ತಿ, ಎತ್ತಿಕೊಳ್ಳಿ ಎನ್ನುವ ಮಗುವಿನ ಹಾಗೆ ಮುಂದಿನ ಎರಡು ಕಾಲು ಚಾಚಿಕೊಂಡು ಕೂತಿತು. ಇವತ್ತಿಗೂ ಹಾಗೇ ಕೂರುತ್ತದೆ.

ಈ ಕತೆಯನ್ನು ಯಾವ ಅಜ್ಜಿಯೂ ಹೇಳಿದ್ದಲ್ಲ. ಅಜ್ಜಿ ಹೇಳುತ್ತಿದ್ದ ಕತೆಗಳ ಚೂರುಪಾರು ಜೋಡಿಸಿ, ಉಣ್ಣಿ ಸಾಕುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಒಬ್ಬಳು ತಾನೇ ಹೊಲಿದುಕೊಂಡದ್ದು. ಆ ಮಧ್ಯಾಹ್ನ ಉಣ್ಣಿ ಕೋಣೆಯಲ್ಲಿ, ಬಿಳಿ ತಟ್ಟೆಯ ಮುಂದೆ ಕೂತು, ಕೂದಲೆಳೆಯಂಥ ಕುಂಚದ ತುದಿಯಲ್ಲಿ ಉಣ್ಣಿಗಳನ್ನು ಒಂದೊಂದಾಗಿ ಎತ್ತಿ, ಗಂಡಾದರೆ ಆ ಗಾಜಿನ ಕೊಳವೆಗೆ, ಹೆಣ್ಣಾದರೆ ಈ ಕೊಳವೆಗೆ ಇಳಿಸುತ್ತ, ಅಕ್ಕನಿಗೆ ಹೇಳುತ್ತಿದ್ದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಆ ಕೋಣೆಯನ್ನು ನೋಡಿಕೊಳ್ಳುವವಳು. ತಲೆ ಅರ್ಧ ನರೆತಿತ್ತು, ನಾಲಿಗೆ ಪೂರ್ತಿ ಹರಿತವಾಗಿತ್ತು. ಅವಳನ್ನು ಅಕ್ಕ ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಕತೆಪೆಟ್ಟಿಗೆ’ ಎನ್ನುವಳು.

“ಕೈ ಎಲ್ಲೋ, ಬಾಯಿ ಎಲ್ಲೋ,” ಅಂದಳು ಅಕ್ಕ. “ಗಂಡಿಗೆ ಬೆನ್ನ ತುಂಬ ಗುರಾಣಿ, ಹೆಣ್ಣಿಗೆ ಅರ್ಧ ಗುರಾಣಿ. ಅಷ್ಟು ನೋಡು ಸಾಕು.”

“ಗೊತ್ತಕ್ಕಾ. ಹೆಣ್ಣು ಎಳ್ಳಿನಷ್ಟಿದ್ದದ್ದು ದ್ರಾಕ್ಷಿಯಷ್ಟು ಊದಬೇಕಲ್ಲ, ಅದಕ್ಕೇ ಜಾಗ ಬಿಟ್ಟಿರೋದು. ಬಸುರಿ ಸೀರೆ ಸಡಿಲ ಉಟ್ಟ ಹಾಗೆ.”

ಅಕ್ಕ ನಗಲಿಲ್ಲ. ಎರಡೂ ಕೊಳವೆಗಳನ್ನು ಬೆಳಕಿಗೆ ಹಿಡಿದು ಎಣಿಸಿದಳು. ತಟ್ಟೆಯನ್ನು ನೋಡಿದಳು. ಮತ್ತೆ ಎಣಿಸಿದಳು.

“ಒಂದು ಕಡಿಮೆ ಇದೆ.”

ಅವಳ ಕೈಯ ಕುಂಚ ಅಲ್ಲೇ ನಿಂತಿತು.

ಉಣ್ಣಿ ಕೋಣೆಗೆ ಕಿಟಕಿಯಿಲ್ಲ. ಎರಡು ಬಾಗಿಲು, ನಡುವೆ ಬಟ್ಟೆ ಬದಲಿಸುವ ಚಿಕ್ಕ ಕೋಣೆ. ಒಂದು ಮುಚ್ಚಿದರೆ ಮಾತ್ರ ಇನ್ನೊಂದು ತೆರೆಯುತ್ತದೆ. ಬಾಗಿಲ ಚೌಕಟ್ಟಿನ ಸುತ್ತ ಅಂಟುಪಟ್ಟಿ. ಒಳಗಿರುವವರು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಟ್ಟಿರಬೇಕು, ಕರಿ ಚುಕ್ಕೆ ಹರಿದಾಡಿದರೆ ಕಾಣಲಿ ಎಂದು. ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಕೆಂಪು ಗುಂಡಿ ಒತ್ತಬೇಕು. ಒತ್ತಿದ ಮೇಲೆ ಬಾಗಿಲಿನ ಬೀಗ ಹೊರಗಿನವರ ಕೈಗೆ. ‘ಲೆಕ್ಕ ಸರಿ’ ಎಂದು ಒಳಗಿನಿಂದ ಹೇಳುವವರೆಗೆ ಅದು ತೆರೆಯುವುದಿಲ್ಲ.

ಅಕ್ಕ ಹೋಗಿ ಗುಂಡಿ ಒತ್ತಿದಳು. ಒತ್ತುವ ಮೊದಲು ಅರೆಗಳಿಗೆ ಇವಳ ಮುಖ ನೋಡಿದಳು. ನೋಡಿಯೂ ಒತ್ತಿದಳು.

ಕಾರಣ ಇಬ್ಬರಿಗೂ ಗೊತ್ತಿತ್ತು. ಈ ಕೊಳವೆಯ ಉಣ್ಣಿಗಳು ಮರಿಗಳಾಗಿದ್ದಾಗ ಕುಡಿದದ್ದು ಜ್ವರ ಹಿಡಿದ ಪ್ರಾಣಿಯ ರಕ್ತ. ಆ ಜ್ವರ ಪೊರೆಯ ಜೊತೆ ಕಳಚಿ ಬೀಳುತ್ತದೋ, ಹೊಟ್ಟೆಯೊಳಗೇ ಕೂತು ಮುಂದಿನವರಿಗೆ ಕಾಯುತ್ತದೋ ಎಂದು ನೋಡುವುದೇ ಅವರ ಕೆಲಸ. ಹೊರಗೆ ಅವಳ ಪಾಪು ಇತ್ತು. ದಿನಾ ಊಟದ ಹೊತ್ತಿಗೆ ಗಂಡ ತನ್ನ ಕನ್ನಡಕದ ಅಂಗಡಿ ಮುಚ್ಚಿ ಅದನ್ನು ಎತ್ತಿಕೊಂಡು ಬರುವನು, ಅವಳು ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಹಾಲು ಕುಡಿಸಿ ಕಳಿಸುವಳು. ಬಾಟಲಿ ತೋರಿಸಿದರೆ ಆ ಪಾಪು ಪೊರಕೆ ತೋರಿಸಿದ ಹಾಗೆ ಮುಖ ತಿರುವುವುದು.

ಗೋಡೆಯ ಸ್ಪೀಕರಿನಲ್ಲಿ ದೊಡ್ಡ ಮೇಡಂ ಮಾತಾಡಿದರು. ಸಂಸ್ಥೆಗೆಲ್ಲ ಅವರೇ ಮುಖ್ಯಸ್ಥೆ. “ನಿಯಮ ಗೊತ್ತಲ್ಲ. ಸಂಜೆಯೊಳಗೆ ಸಿಕ್ಕರೆ ಸರಿ. ಸಿಗದಿದ್ದರೆ ಕೋಣೆಗೆ ಹೊಗೆ ಹಾಕಿಸಬೇಕು, ನೀವಿಬ್ಬರೂ ಪ್ರತ್ಯೇಕ ವಾರ್ಡಿಗೆ ಹೋಗಬೇಕು. ಜ್ವರ ಇಲ್ಲ ಅಂತ ಖಾತ್ರಿ ಆಗೋವರೆಗೆ ಯಾರನ್ನೂ ಮುಟ್ಟೋ ಹಾಗಿಲ್ಲ.”

“ಮೇಡಂ, ಪಾಪು...”

“ಗೊತ್ತಮ್ಮಾ.” ಧ್ವನಿ ಸ್ವಲ್ಪ ತಗ್ಗಿತು. “ಅದಕ್ಕೇ ಹೇಳ್ತಿರೋದು, ಹುಡುಕಿ.”

ಆಮೇಲೆ ಗಂಡನ ಧ್ವನಿ ಬಂತು. “ಏನೇ ಇದು? ಬರ್ತೀಯೋ ಇಲ್ವೋ? ಇಲ್ಲೊಬ್ಬರು ಹೊಟ್ಟೆ ಹಸಿದು ನನ್ನ ಗಲ್ಲ ಚೀಪ್ತಾ ಇದ್ದಾರೆ.”

“ಒಂದು ಉಣ್ಣಿ ತಪ್ಪಿಸಿಕೊಂಡಿದೆ ರೀ. ಹಿಡಿದು ಕೊಟ್ಟೇ ಬರ್ತೀನಿ. ಖಂಡಿತ. ಅಲ್ಲೀವರೆಗೆ ಹೇಗಾದರೂ ಸಂಭಾಳಿಸಿ.”

“ನೀನು ಉಣ್ಣಿಗೂ ಕತೆ ಹೇಳೋಕೆ ಹೋಗಿರ್ತೀಯ. ಕೇಳಲಾರದೆ ಓಡಿಹೋಗಿರುತ್ತೆ.”

ಅಕ್ಕ ಮೊದಲ ಸಲ ಕಿಸಕ್ಕನೆ ನಕ್ಕಳು. “ನಿನ್ನ ಗಂಡ ಪರವಾಗಿಲ್ಲ ಕಣೇ.”

ಹುಡುಕಾಟ ಶುರುವಾಯಿತು. ತಟ್ಟೆಯನ್ನು ತಿರುವಿ ನೋಡಿದರು, ಮೇಜಿನ ಸಂದಿಗಳಲ್ಲಿ ಬೆಳಕು ಬಿಟ್ಟರು, ಕುರ್ಚಿಗಳನ್ನು ತಲೆಕೆಳಗು ಮಾಡಿದರು. ಉಣ್ಣಿ ಮೇಲಕ್ಕೆ ಹತ್ತುವ ಜಾತಿ ಎಂದು ಅಕ್ಕ ಸ್ಟೂಲು ಹತ್ತಿ ಕಪಾಟಿನ ಮೇಲುಗಡೆಯೆಲ್ಲ ಅಂಟುಸುರುಳಿ ಉರುಳಿಸಿದಳು. ಆಮೇಲೆ ಒಬ್ಬರ ಮೈ ಒಬ್ಬರು ನೋಡಿದರು. ಬಿಳಿ ಹಾಳೆಯ ಮೇಲೆ ತಲೆ ಬಗ್ಗಿಸಿ ಕೂದಲು ಬಾಚಿದರು. ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ಮೊಣಕಾಲಿನ ಮಡಿಕೆ.

“ಹೇನು ನೋಡಿಸಿಕೊಂಡು ಎಷ್ಟು ಕಾಲ ಆಗಿತ್ತೋ,” ಅಕ್ಕ ಕಣ್ಣು ಮುಚ್ಚಿಕೊಂಡು ಹೇಳಿದಳು. “ನಮ್ಮಮ್ಮ ಬಿಟ್ಟರೆ ನನ್ನನ್ನ ಇಷ್ಟು ಪೂರ್ತಿ ನೋಡಿದವಳು ನೀನೇ. ಹೊರಗೆ ಹೋಗಿ ಕತೆ ಕಟ್ಟಿದರೆ ನೋಡು ಮತ್ತೆ.”

“ಅಕ್ಕಾ, ಬೆನ್ನ ಮೇಲೆ ಒಂದು ಕಪ್ಪು ಚುಕ್ಕೆ ಇದೆ.”

“ಅದು ಹುಟ್ಟಿದಾಗಿಂದ ಇದೆ. ಕಿತ್ತು ಕೊಳವೆಗೆ ಹಾಕಬೇಡ.”

ಮೈ ಮೇಲೆ ಇರಲಿಲ್ಲ. ಕಳಚಿದ ಬಟ್ಟೆಯನ್ನೂ ಮಡಿಕೆ ಮಡಿಕೆ ಕೊಡವಿದರು. ಅಲ್ಲೂ ಇರಲಿಲ್ಲ. ಹೊಸ ಬಿಳಿ ಅಂಗಿ, ಹೊಸ ಕೈಗವಸು ತೊಟ್ಟರು. ಕೊನೆಗೆ ಉಳಿದದ್ದು ಉಸಿರಿನ ಉಪಾಯ. ನೆಲಕ್ಕೆ ಬಿಳಿ ಹಾಳೆ ಹಾಸಿ ಇಬ್ಬರೂ ಬೋರಲು ಮಲಗಿ, ಹಾಳೆಯ ಮೇಲೆ ಬಾಯಿಂದ ಉಸಿರು ಬಿಡತೊಡಗಿದರು. ಉಣ್ಣಿಗೆ ತಲೆ ಎದೆ ಹೊಟ್ಟೆ ಎಂದು ಬೇರೆ ಬೇರೆ ಇಲ್ಲ, ಇರುವುದೊಂದೇ ಚೀಲ. ಮೂಗೂ ಇಲ್ಲ. ಮುಂಗಾಲಿನ ತುದಿಯಲ್ಲಿ ಒಂದು ಸಣ್ಣ ಗುಳಿಯಿದೆ, ಅದರಲ್ಲೇ ವಾಸನೆ ಹಿಡಿಯುತ್ತದೆ. ಪ್ರಾಣಿಯ ಉಸಿರು ತಾಕಿತೋ, ಎಲ್ಲಿದ್ದರೂ ಕಾಲು ಚಾಚಿಕೊಂಡು ಎದ್ದು ಬರುತ್ತದೆ. ಇಷ್ಟು ವರ್ಷ ಅಕ್ಕ ಕಳೆದುಹೋದದ್ದನ್ನು ಹಿಡಿದದ್ದೆಲ್ಲ ಹೀಗೇ.

ಬರಲಿಲ್ಲ. ಮೊಣಕೈ ನೋಯತೊಡಗಿತು, ಗಂಟಲು ಒಣಗಿತು. ನಲ್ಲಿಯಿದ್ದರೂ ಕುಡಿಯುವಂತಿಲ್ಲ, ಆ ಕೋಣೆಯಲ್ಲಿ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಸೊಂಟದ ಹತ್ತಿರ ಗೋಡೆಯಿದ್ದಂತೆ, ತಲೆಯ ಹತ್ತಿರ ಇನ್ನೊಂದು ಗೋಡೆಯಿದ್ದಂತೆ ಅವಳಿಗೆ ಅನ್ನಿಸಿತು. ಬೆಳಿಗ್ಗೆ ಬಂದಾಗ ಇಷ್ಟು ಚಿಕ್ಕದಿತ್ತೇ ಈ ಕೋಣೆ?

“ನಿಮಗೆ ಯಾವತ್ತೂ ಉಸಿರು ಕಟ್ಟಲ್ವಾ ಅಕ್ಕಾ?”

“ಇವಕ್ಕೆ ಭಾನುವಾರ ಅಂತ ಇದೆಯೇನೇ? ನಾನು ಊರಿಗೆ ಹೋದರೆ ಇವಕ್ಕೆ ತೇವ ನೋಡೋರು ಯಾರು? ಅಭ್ಯಾಸ ಆಗಿಬಿಟ್ಟಿದೆ.” ಅಕ್ಕ ಹಾಳೆಯತ್ತಲೇ ನೋಡುತ್ತ ಹೇಳಿದಳು. “ಮಾತಾಡಬೇಡ, ಉಸಿರು ಬಿಡು.”

ಅಷ್ಟರಲ್ಲಿ ಸ್ಪೀಕರಿನಲ್ಲಿ ಪಾಪು ಅತ್ತಿತು. ಕೇಳಿದ್ದೇ ತಡ, ಅವಳ ಎದೆ ಬಿಗಿದು ಹಾಲು ತಾನಾಗಿ ಇಳಿಯಿತು. ಮೈಗೆ ಕಿವಿ ಬೇರೆ ಇದೆಯೇನೋ ಎನ್ನುವಂತೆ. ಬಿಳಿ ಅಂಗಿಯ ಮುಂದೆ ಎರಡು ಒದ್ದೆ ವೃತ್ತಗಳು ಹಿಗ್ಗಿದವು.

“ರೀ, ಚಮಚದಲ್ಲಿ ನೋಡಿ.”

“ನೋಡಿದೆ. ನನ್ನ ಅಂಗಿ ಕುಡೀತು, ಪಾಪು ಕುಡೀಲಿಲ್ಲ.” ಅವನು ಇನ್ನೂ ನಗೆಯ ದನಿಯಲ್ಲೇ ಇದ್ದ, ಆದರೆ ಆ ನಗೆ ಮಧ್ಯದಲ್ಲೇ ಮುರಿಯಿತು. “ಏನಾದರೂ ಮಾತಾಡು. ನಿನ್ನ ಧ್ವನಿ ಕೇಳಿದರೆ ಸುಮ್ಮನಾಗುತ್ತೇನೋ.”

ಅವಳು ಗೋಡೆಗೆ ಹಣೆ ಹಚ್ಚಿ ನಿಂತು, ಸ್ಪೀಕರಿನ ತೂತುಗಳಿಗೆ ಬಾಯಿ ಇಟ್ಟು, ಕಾಗೆ ಗುಬ್ಬಿಯ ಮನೆಗೆ ನೆಂಟನಾಗಿ ಹೋದದ್ದನ್ನು ಹೇಳಿದಳು, ಚಂದ್ರನಿಗೆ ಅಂಗಿ ಹೊಲಿಯಲು ಹೋಗಿ ದರ್ಜಿ ಸೋತದ್ದನ್ನು ಹೇಳಿದಳು. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಮೌನವಾಯಿತು. ಕತೆ ನಿಲ್ಲಿಸಿದರೆ ಮತ್ತೆ ಅಳು. ಹಾಗಾಗಿ ಹಾಳೆಯ ಮೇಲೆ ಅಕ್ಕನೊಬ್ಬಳೇ ಉಸಿರು ಬಿಡುತ್ತಿದ್ದಳು.

ಒಂದಷ್ಟು ಹೊತ್ತಿನ ಮೇಲೆ ಕತೆಗೂ ಅಳು ನಿಲ್ಲದಾಯಿತು. ಪಾಪುವಿನ ಗಂಟಲು ಒಡೆದು, ಸದ್ದಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. ದೊಡ್ಡ ಮೇಡಂ ಮತ್ತೆ ಮಾತಾಡಿದರು. “ವಾರ್ಡಿನ ಗಾಡಿಗೆ ಹೇಳಿದ್ದೀನಿ. ಹೊರಟಿದೆಯಂತೆ.”

ಅಕ್ಕ ಕಪಾಟನ್ನು ಎಳೆದು ಅದರ ಹಿಂದೆ ತಲೆ ತೂರಿಸಿದ್ದಳು. ಇವಳ ಕಣ್ಣು ಎದುರಿನ ಕಪಾಟಿನ ಮೇಲೆ ಬಿತ್ತು. ಅಲ್ಲಿ ಹಳೆಯ ಸಾಲಿನ ಕೊಳವೆಗಳಿದ್ದವು. ಅದೇ ಜಾತಿ, ಅದೇ ಗಾತ್ರ. ಜ್ವರದ ರಕ್ತ ಮುಟ್ಟದ, ಬರಿಯ ಸಾಕಣೆಗೆ ಇಟ್ಟ ಉಣ್ಣಿಗಳು. ಆ ಸಾಲನ್ನು ವಾರಕ್ಕೊಮ್ಮೆ ಮಾತ್ರ ಎಣಿಸುವುದು. ಅದರಿಂದ ಒಂದನ್ನು ಎತ್ತಿ ಈ ಕೊಳವೆಗೆ ಇಳಿಸಿದರೆ ಸಾಕು. ಲೆಕ್ಕ ಸರಿ. ಬಾಗಿಲು ತೆರೆಯುತ್ತದೆ. ಪಾಪು ಮಡಿಲಲ್ಲಿ.

ಅವಳು ಹೋದಳು. ಹಳೆಯ ಕೊಳವೆಯನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಯಲ್ಲಿ ಕುಂಚ ಹಿಡಿದಳು. ಕೈ ನಡುಗಲಿಲ್ಲ. ಅದು ಅವಳಿಗೇ ಹೆದರಿಕೆ ತಂದಿತು. ಕೊಳವೆಯ ಬಾಯಿಗೆ ಕಟ್ಟಿದ ಜಾಲರಿ ಬಟ್ಟೆಯನ್ನು ಬಿಚ್ಚಲು ಬಗ್ಗಿದಾಗ ಉಸಿರು ಅದಕ್ಕೆ ತಾಕಿತು. ತಳದಲ್ಲಿದ್ದ ಉಣ್ಣಿಗಳೆಲ್ಲ ದಡಬಡ ಮೇಲೆ ಹತ್ತಿ, ಬಟ್ಟೆಗೆ ಒತ್ತಿಕೊಂಡು, ಮುಂಗಾಲು ಚಾಚಿ ಚಾಚಿ ಅವಳತ್ತ ಆಡಿಸಿದವು. ತಿಂಗಳುಗಟ್ಟಲೆ ಹಸಿದಿದ್ದವು.

ನಿಜವಾದದ್ದು ತನ್ನ ಜಡೆಯಲ್ಲೋ ಚಪ್ಪಲಿಯಲ್ಲೋ ಕೂತು ತನ್ನ ಜೊತೆಗೇ ಹೊರಗೆ ಬಂದರೆ? ಪಾಪುವಿಗೆ ಎದೆ ಕೊಟ್ಟ ಹೊತ್ತಿಗೆ, ಅದರ ಬಿಸಿ ಉಸಿರಿಗೆ, ಹೀಗೇ ಕೈ ಚಾಚಿದರೆ?

ಅವಳು ಕೊಳವೆಯನ್ನು ಅಲ್ಲೇ ಇಟ್ಟುಬಿಟ್ಟಳು. ಕಣ್ಣಲ್ಲಿ ನೀರು ತುಂಬಿಕೊಂಡು ಏನೂ ಕಾಣಲಿಲ್ಲ. ಮೇಜಿಗೆ ಬಂದು ಇವತ್ತಿನ ಕೊಳವೆಯನ್ನು ಎತ್ತಿದಳು, ಯಾಕೆಂದು ತಿಳಿಯದೆ ಅದಕ್ಕೂ ಹಾ ಎಂದು ಉಸಿರು ಬಿಟ್ಟಳು.

ಒಂದೂ ಏಳಲಿಲ್ಲ.

ಮತ್ತೆ ಊದಿದಳು. ಉಣ್ಣಿಗಳು ತಳದ ಒದ್ದೆ ಕಾಗದಕ್ಕೆ ಅಂಟಿಕೊಂಡು, ಕಾಲು ಮಡಚಿ, ಒಂದರ ಮೇಲೊಂದು ಗುಂಪಾಗಿ ಕೂತಿದ್ದವು. ಪಕ್ಕದಲ್ಲಿ ಅವು ಬಿಟ್ಟ ಪೊರೆಗಳು ಖಾಲಿ ಅಂಗಿಗಳಂತೆ ಬಿದ್ದಿದ್ದವು. ಮೈ ಇನ್ನೂ ಮಾಸಲು ಬಿಳಿ.

“ಅಕ್ಕಾ! ಇದು ನಮ್ಮನ್ನ ಹುಡುಕ್ತಾನೇ ಇಲ್ಲ!”

ಕಪಾಟಿನ ಹಿಂದಿನಿಂದ ಜೇಡರ ಬಲೆ ಮೆತ್ತಿದ ತಲೆ ಹೊರಬಂತು. “ಏನೇ ನಿನ್ನ ಗೋಳು?”

“ನಿನ್ನೆ ಪೊರೆ ಬಿಟ್ಟಿರೋದು ಇವು. ಮೈ ಇನ್ನೂ ಗಟ್ಟಿಯಾಗಿಲ್ಲ. ಹಸಿವೆ ಇಲ್ಲ, ಉಸಿರಿಗೆ ಬರಲ್ಲ, ಮೇಲಕ್ಕೂ ಹತ್ತಲ್ಲ. ಹಸಿ ಬಾಣಂತಿ ಹಾಗೆ ಎಲ್ಲೋ ಕತ್ತಲಲ್ಲಿ, ತಂಪಲ್ಲಿ ಮೂಲೆ ಹಿಡಿದು ಮಲಗಿರುತ್ತೆ. ನಾವು ನೋಡಿ, ಹಸಿದದ್ದನ್ನ ಹುಡುಕ್ತಾ ಇದ್ದೀವಿ.”

ಅಕ್ಕ ಕೊಳವೆ ಇಸಿದುಕೊಂಡು ತಾನೂ ಊದಿದಳು. ಊದಿ, ತಲೆ ಚಚ್ಚಿಕೊಂಡಳು. “ಅಯ್ಯೋ ನನ್ನ ಮಂಡೆಗಿಷ್ಟು! ಹಸಿದವನ್ನೇ ನೋಡಿ ನೋಡಿ ಉಣ್ಣಿ ಅಂದರೆ ಹಸಿವು ಅಂತಲೇ ಆಗಿಹೋಗಿದೆ. ಈಗೇನು ಮಾಡೋದು ಹೇಳು.”

“ಇದಕ್ಕೆ ತೇವ ಬೇಕು. ಕೋಣೆ ತುಂಬ ತೇವ ಇದ್ದರೆ ಎಲ್ಲಿ ಬೇಕಾದರೂ ಆರಾಮಾಗಿರುತ್ತೆ. ಕೋಣೆಯನ್ನ ಒಣಗಿಸಿಬಿಡೋಣ. ಒಂದೆರಡು ಕಡೆ ಮಾತ್ರ ಒದ್ದೆ ಬಟ್ಟೆ ಇಡೋಣ. ಆಗ ತಾನಾಗಿ ಅಲ್ಲಿಗೆ ಬರಲೇಬೇಕು.”

ಕೊಳವೆಗಳನ್ನೆಲ್ಲ ಮುಚ್ಚಳದ ಗಾಜಿನ ಜಾಡಿಗಳಿಗೆ ಸೇರಿಸಿ ಭದ್ರ ಮಾಡಿದರು. ಮಂಜು ಉಗುಳುವ ಯಂತ್ರ ಆರಿಸಿದರು, ಬಿಸಿಗಾಳಿಯದನ್ನು ಹಾಕಿದರು. ತೊಟ್ಟಿಯನ್ನು ಒರೆಸಿ ಒಣಗಿಸಿದರು, ನಲ್ಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದರು. ಮೂಲೆಗಳಲ್ಲಿ ಒದ್ದೆ ಬಟ್ಟೆ ಮಡಿಸಿಟ್ಟರು. ಒಂದಕ್ಕೆ ಅವಳು ನೀರಿನ ಬದಲು, ತಡೆಯಲಾರದ ನೋವಿಗೆ, ಎದೆ ಹಿಂಡಿಕೊಂಡು ಹಾಲನ್ನೇ ಬಿಟ್ಟಳು.

“ಉಣ್ಣಿ ಹಾಲು ಕುಡಿಯುತ್ತೇನೇ?”

“ಕುಡಿಯೋಕಲ್ಲ ಅಕ್ಕಾ. ಒದ್ದೆ ಆದರೆ ಸಾಕು ಅದಕ್ಕೆ. ನನಗೂ ಸ್ವಲ್ಪ ಹಗುರ ಆಗುತ್ತೆ.”

ಅಕ್ಕ ಮುಖ ಆ ಕಡೆ ತಿರುಗಿಸಿದಳು. ತಿರುಗಿಸಿಯೇ ಹೇಳಿದಳು, “ಬೆನ್ನು ಕೊಟ್ಟು ಕೂತಿದ್ದೀನಿ. ನಿಧಾನವಾಗಿ ಹಿಂಡಿಕೋ.”

ಕೋಣೆ ಒಲೆಯಾಯಿತು. ತುಟಿ ಬಿರಿಯಿತು, ಕಣ್ಣುರಿಯಿತು. ಇಬ್ಬರೂ ನೆಲದ ಮಧ್ಯೆ ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬೊಬ್ಬರು ಎರಡೆರಡು ಮೂಲೆ ಹಂಚಿಕೊಂಡು ಕೂತರು. ಬೆವರು ತುಂಬಿ ಚೀಲದಂತಾದ ಕೈಗವಸುಗಳನ್ನು ಅಕ್ಕ ಕಿತ್ತು ಮೇಜಿನ ಕಾಲಿನ ಹತ್ತಿರ ಒಗೆದಳು. ಸ್ಪೀಕರಿನಲ್ಲಿ ಈಗ ಅಳುವೂ ಇರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು.

“ರೀ? ಪಾಪು?”

“ಅತ್ತು ಅತ್ತು ಸುಸ್ತಾಗಿ ಕಣ್ಣು ಬಿಟ್ಟುಕೊಂಡು ಮಲಗಿದೆ.” ಗಂಡ ಪಿಸುಗುಟ್ಟಿದ. “ಗೇಟಿಗೆ ಗಾಡಿ ಬಂತು ಕಣೇ.”

ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿದರು. ಖಾಲಿ. ಹಾಲಿನದೂ ಖಾಲಿ. ಹೊರಬಾಗಿಲ ಹತ್ತಿರ ಬೂಟಿನ ಸದ್ದು ಕೇಳಿಸಿತು.

“ಸಾಕು ಬಿಡು,” ಅಂದಳು ಅಕ್ಕ. ಅವಳ ದನಿ ಯಾವತ್ತೂ ಹಾಗೆ ಸೋತದ್ದಿಲ್ಲ. “ಮೇಡಂಗೆ ನಾನೇ ಹೇಳ್ತೀನಿ, ತಪ್ಪೆಲ್ಲ ನನ್ನದು ಅಂತ. ಕೈಗವಸಿಲ್ಲದೆ ಬಾಗಿಲಿಗೆ ಹೋಗೋದು ಬೇಡ,” ಎಂದು ಬಗ್ಗಿ, ಒಗೆದಿದ್ದ ಕೈಗವಸೊಂದನ್ನು ಎತ್ತಿಕೊಂಡು, ಬೆರಳು ತೂರಿಸಲು ಬಾಯಿ ಅಗಲಿಸಿದಳು.

“ಅಕ್ಕಾ, ಬೇಡ!”

ಅವಳು ಕೂಗಿದ ರಭಸಕ್ಕೆ ಅಕ್ಕ ಕೈ ಹಿಂದಕ್ಕೆಳೆದುಕೊಂಡಳು.

“ಒಳಗೆ ಒದ್ದೆ ಇದೆ. ಕತ್ತಲಿದೆ.”

ಇಬ್ಬರೂ ಅದನ್ನೇ ನೋಡಿದರು. ಇಷ್ಟು ಹೊತ್ತೂ ಆ ಒಣಗಿದ ಕೋಣೆಯ ನಡುವೆ, ಅವರು ಇಡದೆ ಇದ್ದ ಒದ್ದೆ ಅದೊಂದೇ. ಅವಳು ಕೈಗವಸನ್ನು ಬಿಳಿ ತಟ್ಟೆಯಲ್ಲಿಟ್ಟು, ಕತ್ತರಿಯಿಂದ ಅಂಗೈ ಸೀಳಿದಳು. ಬೆವರ ಹನಿ ಜಾರಿತು. ಹೆಬ್ಬೆರಳು ಸೀಳಿದಳು, ಏನಿಲ್ಲ. ತೋರುಬೆರಳು, ಏನಿಲ್ಲ. ಕಿರುಬೆರಳನ್ನು ತುದಿಯವರೆಗೆ ಸೀಳಿ ಬಿಡಿಸಿದಾಗ, ಅದರ ಬುಡದ ಮಡಿಕೆಯಲ್ಲಿ, ಮಾಸಲು ಬಿಳಿಯ ಎಳ್ಳೊಂದು ಎಂಟೂ ಕಾಲು ಮಡಚಿಕೊಂಡು ಮಲಗಿತ್ತು. ಬೆನ್ನಿಗೆ ಅರ್ಧ ಗುರಾಣಿ.

“ಹೆಣ್ಣು,” ಅಂದಳು ಅವಳು, ಪಿಸುದನಿಯಲ್ಲಿ.

“ಮತ್ತೆ ಇನ್ನೇನು. ಇಷ್ಟು ಹಟ ಗಂಡಿಗೆಲ್ಲಿಂದ ಬರಬೇಕು?” ಅಕ್ಕ ನಗಲು ಹೋಗಿ ಮುಖವನ್ನು ತೋಳಿಗೆ ಒರೆಸಿಕೊಂಡಳು. “ನನ್ನ ಬೆವರಲ್ಲೇ ಅಡಗಿತ್ತಲ್ಲೇ. ನಾನು ಬೆರಳು ಹಾಕಿದ್ದಿದ್ದರೆ... ಏ, ನೋಡ್ತಾ ನಿಲ್ಲಬೇಡ, ಎತ್ತು, ಎತ್ತು.”

ಕುಂಚದ ತುದಿಯನ್ನು ಅವಳು ಅದರ ಅಡಿಗೆ ಜಾರಿಸಿದಳು. ಅಕ್ಕ ಅವಳ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡಳು, ಎರಡು ಕೈ ಸೇರಿ ಒಂದು ಕೈಯಾಯಿತು. ಉಣ್ಣಿ ಸೋಮಾರಿಯಾಗಿ ಒಂದು ಕಾಲು ಚಾಚಿ ಕೂದಲನ್ನು ಹಿಡಿದುಕೊಂಡಿತು. ಹೆಣ್ಣಿನ ಕೊಳವೆಯ ಬಾಯಿ ಬಿಚ್ಚಿ, ಒಳಗೆ ಕುಂಚ ಇಳಿಸಿ, ಗಾಜಿಗೆ ಮೆಲ್ಲಗೆ ತಟ್ಟಿದರು. ಅದು ಜಾರಿ ಒದ್ದೆ ಕಾಗದದ ಮೇಲೆ ಬಿತ್ತು, ತೆವಳಿ ಗುಂಪಿನ ಅಂಚಿಗೆ ಸೇರಿತು. ಜಾಲರಿ ಬಟ್ಟೆ ಕಟ್ಟಿದರು, ದಾರವನ್ನು ಮೂರು ಸುತ್ತು ಬಿಗಿದರು.

ಅಕ್ಕ ಎಣಿಸಿದಳು. ಅವಳೂ ಎಣಿಸಿದಳು. ಇಬ್ಬರ ಎಣಿಕೆಯೂ ಒಂದೇ ಬಂತು.

“ಕಳೆದವಳು ನೀನು. ನೀನೇ ಹೇಳು,” ಅಂದಳು ಅಕ್ಕ.

ಅವಳು ಸ್ಪೀಕರಿನ ಗುಂಡಿ ಒತ್ತಿ, ಕೂಗದೆ, ಅಳದೆ, ಪಾಪುವಿಗೂ ಕೇಳುವಷ್ಟು ಸ್ಪಷ್ಟವಾಗಿ ಹೇಳಿದಳು.

“ಲೆಕ್ಕ ಸರಿ.”